ಆರ್‌ವಿ ಕೊಳ್ಳುವ ಮುಂಚೆ: ಅಮೆರಿಕದಲ್ಲಿ ಮೊದಲ ಸಲ ಹೊರಡುವವರಿಗೆ

ಅಪ್ಪ ಮೈಸೂರಿನಿಂದ ಬಂದಿದ್ದಾಗ ಮೊದಲ ಸಲ ನಮ್ಮ ಆರ್‌ವಿ, ಅಂದರೆ ಚಕ್ರದ ಮೇಲಿನ ಮನೆಯಂಥ ಗಾಡಿ, ಹತ್ತಿದರು. ಒಲೆ ನೋಡಿದರು, ಮಂಚ ಒತ್ತಿ ನೋಡಿದರು, ಬಾತ್‌ರೂಮಿನ ಬಾಗಿಲು ತೆಗೆದು ಇಣುಕಿದರು. ಆಮೇಲೆ ಕೇಳಿದರು, "ಇದರ ಸಂಪು ಎಲ್ಲಿದೆಯಮ್ಮಾ?"

ಆರ್‌ವಿ ಬಗ್ಗೆ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ಇಲ್ಲಿನ ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು, ಸ್ವಿಚ್ ಒತ್ತಿದರೆ ಕರೆಂಟ್. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಯಾರೂ ಯೋಚಿಸುವುದಿಲ್ಲ. ಆರ್‌ವಿ ಹಾಗಲ್ಲ. ಅದು ನಾವು ಬೆಳೆದ ಊರಿನ ಮನೆಯ ಹಾಗೆ. ಸಂಪಿನ ಬದಲು ನೀರಿನ ಟ್ಯಾಂಕ್, ನೀರು ಎತ್ತಲು ಪುಟ್ಟ ಮೋಟಾರ್, ಯುಪಿಎಸ್ ಬದಲು ಬ್ಯಾಟರಿ, ಒಲೆಗೆ ಸಿಲಿಂಡರ್. ಸಂಪಿನಲ್ಲಿ ಎಷ್ಟು ನೀರಿದೆ ಎಂದು ಕೋಲು ಇಳಿಬಿಟ್ಟು ನೋಡಿದವರಿಗೆ, ಕರೆಂಟ್ ಬರುವವರೆಗೆ ಫ್ರಿಜ್ ಬಾಗಿಲು ತೆಗೆಯದೆ ಇದ್ದವರಿಗೆ, ಆರ್‌ವಿ ಅರ್ಧ ಬಂದ ಹಾಗೆಯೇ. ಇನ್ನರ್ಧ ಗಾಡಿ ಓಡಿಸುವುದು, ಜಾಗ ಹಿಡಿಯುವುದು ಮತ್ತು ಯಾವುದಕ್ಕೆ ದುಡ್ಡು ಹಾಕಬೇಕು ಎಂದು ತಿಳಿಯುವುದು.

ನಾವು ಮೂರು ಸಲ ಬಾಡಿಗೆ ಗಾಡಿಯಲ್ಲಿ ಓಡಾಡಿದ ಮೇಲೆ 24 ಅಡಿ ಉದ್ದದ ಒಂದು ಹಳೆಯ ಗಾಡಿ ಕೊಂಡೆವು. ಇರುವುದು ಕ್ಯಾಲಿಫೋರ್ನಿಯಾದಲ್ಲಿ, ಹಾಗಾಗಿ ನನ್ನ ಉದಾಹರಣೆಗಳು ಪಶ್ಚಿಮದ ಕಡೆಯವು ಜಾಸ್ತಿ.

ಮೊದಲು ಬಾಡಿಗೆ, ಅದೂ ಹತ್ತಿರಕ್ಕೆ

ಬಹಳ ಜನ ಮಾಡುವ ತಪ್ಪು ಒಂದೇ. ಅಪ್ಪ ಅಮ್ಮ ಊರಿನಿಂದ ಬರುತ್ತಾರೆ, ಮಕ್ಕಳಿಗೆ ರಜೆ, ಮೊದಲ ಟ್ರಿಪ್‌ಗೇ ಹತ್ತು ದಿನದ ಯೆಲ್ಲೋಸ್ಟೋನ್ ಪ್ಲಾನ್. ದಯವಿಟ್ಟು ಬೇಡ. ಮೊದಲ ಸಲ ಮನೆಯಿಂದ ಒಂದೆರಡು ಗಂಟೆ ದೂರದ ಸ್ಟೇಟ್ ಪಾರ್ಕ್‌ಗೆ ಎರಡು ರಾತ್ರಿ ಹೋಗಿ ಬನ್ನಿ. ಏನಾದರೂ ಕೆಟ್ಟರೆ ಮನೆಗೆ ವಾಪಸ್ ಬರಬಹುದು. ಗಾಡಿಯಲ್ಲಿ ನಿಮಗೆ ನಿದ್ದೆ ಬರುತ್ತದೆಯೇ ಎಂಬುದೂ ಆಗಲೇ ಗೊತ್ತಾಗುತ್ತದೆ. ಮಳೆ ಬಂದರೆ ಚಾವಣಿ ಮೇಲೆ ಸದ್ದು, ಮಗ ಮಗ್ಗುಲು ಬದಲಿಸಿದರೆ ಇಡೀ ಗಾಡಿ ಅಲುಗಾಟ. ಕೆಲವರಿಗೆ ಅದೇ ಹಿತ, ಕೆಲವರಿಗೆ ರಾತ್ರಿಯಿಡೀ ಜಾಗರಣೆ.

ಬಾಡಿಗೆಗೆ ಎರಡು ದಾರಿ. ಕ್ರೂಸ್ ಅಮೆರಿಕದಂಥ ಕಂಪನಿಗಳದ್ದು ಒಂದೇ ನಮೂನೆಯ ಗಾಡಿಗಳು, ನಿಯಮ ಸ್ಪಷ್ಟ. ಔಟ್‌ಡೋರ್ಸಿ, ಆರ್‌ವಿ‌ಶೇರ್‌ನಂಥ ವೆಬ್‌ಸೈಟ್‌ಗಳಲ್ಲಿ ಬೇರೆಯವರ ಸ್ವಂತ ಗಾಡಿ ಸಿಗುತ್ತದೆ. ಆಯ್ಕೆ ಜಾಸ್ತಿ, ಮಾಲೀಕರ ಮೇಲೆ ಅನುಭವ ನಿಂತಿರುತ್ತದೆ. ಎರಡರಲ್ಲೂ ದಿನದ ಬಾಡಿಗೆ ಮಾತ್ರ ನೋಡಿ ಲೆಕ್ಕ ಹಾಕಬೇಡಿ. ಮೈಲಿಗೆ ಬೇರೆ, ಜನರೇಟರ್ ಗಂಟೆಗೆ ಬೇರೆ, ಪಾತ್ರೆ ಹಾಸಿಗೆಗೆ ಬೇರೆ, ಕೊಳೆ ಟ್ಯಾಂಕ್ ಖಾಲಿ ಮಾಡದೆ ವಾಪಸ್ ಕೊಟ್ಟರೆ ಅದಕ್ಕೂ ಬೇರೆ. ಪೆಟ್ರೋಲ್ ಅಂತೂ ಇದ್ದೇ ಇದೆ. ಮಧ್ಯಮ ಗಾತ್ರದ ಗಾಡಿ ಗ್ಯಾಲನ್‌ಗೆ 8ರಿಂದ 10 ಮೈಲಿ ಕೊಟ್ಟರೆ ಅದೇ ಒಳ್ಳೆಯದು.

ಇನ್ಶೂರೆನ್ಸ್ ಬಗ್ಗೆ ನಿಮ್ಮ ಕಾರ್ ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿ ಕೇಳಿ, ಸಾಧ್ಯವಾದರೆ ಇಮೇಲ್‌ನಲ್ಲಿ ಉತ್ತರ ತರಿಸಿಕೊಳ್ಳಿ. ಕಾರಿನ ಪಾಲಿಸಿ ಬಾಡಿಗೆ ಆರ್‌ವಿಗೆ ಅನ್ವಯಿಸದಿರುವುದು ಸಾಮಾನ್ಯ. ಕ್ರೆಡಿಟ್ ಕಾರ್ಡ್‌ನ ಬಾಡಿಗೆ ಕಾರ್ ರಕ್ಷಣೆ ಕೂಡ ಹೆಚ್ಚಾಗಿ ಆರ್‌ವಿಯನ್ನು ಹೊರಗಿಡುತ್ತದೆ.

ಯಾವುದು ಯಾರಿಗೆ

ಎಂಜಿನ್ ಇರುವ ಗಾಡಿಗಳಲ್ಲಿ, ಅಂದರೆ ಮೋಟಾರ್‌ಹೋಮ್‌ಗಳಲ್ಲಿ, ಮೂರು ಬಗೆ. ಕ್ಲಾಸ್ ಎ ಅಂದರೆ ಬಸ್ಸಿನಂಥದ್ದು. ಕ್ಲಾಸ್ ಬಿ ಅಂದರೆ ಮರ್ಸಿಡಿಸ್ ಸ್ಪ್ರಿಂಟರ್, ರ‍್ಯಾಮ್ ಪ್ರೋಮಾಸ್ಟರ್, ಫೋರ್ಡ್ ಟ್ರಾನ್ಸಿಟ್‌ನಂಥ ವ್ಯಾನ್ ಒಳಗೆ ಕಟ್ಟಿದ ಮನೆ. ಕ್ಲಾಸ್ ಸಿ ಇವೆರಡರ ನಡುವೆ: ಮುಂದೆ ವ್ಯಾನ್ ಮೂತಿ, ಡ್ರೈವರ್ ತಲೆಯ ಮೇಲೆ ಅಟ್ಟದಂಥ ಹಾಸಿಗೆ. ಸಿ ಎಂದರೆ ಬಿಗಿಂತ ಚಿಕ್ಕದು ಎಂದು ಅಕ್ಷರ ನೋಡಿ ಅಂದುಕೊಳ್ಳಬೇಡಿ. ಎಲ್ಲಕ್ಕಿಂತ ಚಿಕ್ಕದು ಬಿ.

ಎಂಜಿನ್ ಇಲ್ಲದವು ಎಳೆದೊಯ್ಯುವ ಟ್ರೇಲರ್‌ಗಳು. ಪಿಕಪ್ ಟ್ರಕ್ಕಿನ ಹಿಂಬದಿ ತೊಟ್ಟಿಯೊಳಗೆ ಕೊಂಡಿ ಕೂರುವ ದೊಡ್ಡ ಟ್ರೇಲರ್‌ಗೆ ಫಿಫ್ತ್ ವೀಲ್ ಎನ್ನುತ್ತಾರೆ. ಟ್ರೇಲರ್‌ನ ಅನುಕೂಲ ಏನೆಂದರೆ ಕ್ಯಾಂಪಿನಲ್ಲಿ ಅದನ್ನು ಬಿಟ್ಟು ಟ್ರಕ್ ತೆಗೆದುಕೊಂಡು ಹಾಲು ತರಲು ಹೋಗಬಹುದು. ಕಷ್ಟ ಏನೆಂದರೆ ರಿವರ್ಸ್ ಮತ್ತು ತೂಕ. ಫಿಫ್ತ್ ವೀಲ್ ಅಲ್ಲದ ಮಾಮೂಲಿ ಟ್ರೇಲರ್‌ನ ಒಟ್ಟು ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಕೊಂಡಿಯ ಮೇಲೆ ಕೂರಬೇಕು. ಸಾಮಾನೆಲ್ಲ ಹಿಂದಕ್ಕೆ ತುಂಬಿ ಕೊಂಡಿ ಹಗುರವಾದರೆ ಹೈವೇಯಲ್ಲಿ ಟ್ರೇಲರ್ ಬಾಲದಂತೆ ಅತ್ತಿತ್ತ ಬೀಸಲು ಶುರುವಾಗುತ್ತದೆ. ಆಗ ಹಿಡಿದು ನಿಲ್ಲಿಸುವುದು ಬಹಳ ಕಷ್ಟ.

ಎರಡು ಮಕ್ಕಳ ಜೊತೆ ಊರಿನಿಂದ ಬಂದ ಹಿರಿಯರಿದ್ದರೆ ಮೊದಲ ಬಾಡಿಗೆಗೆ 25 ಅಡಿ ಆಸುಪಾಸಿನ ಕ್ಲಾಸ್ ಸಿ ತೆಗೆದುಕೊಳ್ಳಿ ಎಂದೇ ನಾನು ಹೇಳುವುದು. ಅಟ್ಟದ ಹಾಸಿಗೆಯನ್ನು ಹಿರಿಯರಿಗೆ ಕೊಡಬೇಡಿ. ರಾತ್ರಿ ಎರಡು ಸಲ ಏಣಿ ಇಳಿದು ಹತ್ತುವುದು ಅವರಿಂದಾಗದು. ಇನ್ನೊಂದು ಮಾತು: ಗಾಡಿ ಎಂಟು ಜನ ಮಲಗುವಷ್ಟು ದೊಡ್ಡದಿರಬಹುದು, ಆದರೆ ಸೀಟ್ ಬೆಲ್ಟ್ ಎಷ್ಟಿದೆ ಎಂದು ಎಣಿಸಿ. ಗಾಡಿ ಓಡುವಾಗ ಪ್ರತಿಯೊಬ್ಬರೂ ಬೆಲ್ಟ್ ಇರುವ ಸೀಟಿನಲ್ಲೇ ಇರಬೇಕು. ಎದ್ದು ಹೋಗಿ ಕಾಫಿ ಮಾಡುವುದು, ಮಂಚದ ಮೇಲೆ ಮಲಗುವುದು ಯಾವುದೂ ಸಲ್ಲದು. ಮಗುವಿನ ಕಾರ್ ಸೀಟ್ ಮುಂದಕ್ಕೆ ಮುಖ ಮಾಡಿದ ಸೀಟಿಗೇ ಕಟ್ಟಬೇಕು, ಪಕ್ಕಕ್ಕೆ ಮುಖ ಮಾಡಿದ ಸೋಫಾಕ್ಕೆ ಅಲ್ಲ.

ಲೈಸೆನ್ಸ್ ವಿಷಯ ಸುಲಭ. ಬಾಡಿಗೆಗೆ ಸಿಗುವ ಗಾತ್ರದ ಗಾಡಿಗೆ ಸಾಮಾನ್ಯ ಕಾರ್ ಲೈಸೆನ್ಸ್ ಸಾಕು. ಕ್ಯಾಲಿಫೋರ್ನಿಯಾದಲ್ಲಿ 40 ಅಡಿ ದಾಟಿದ ಮೋಟಾರ್‌ಹೋಮ್‌ಗೆ ಮಾತ್ರ ಬೇರೆ ದರ್ಜೆಯ ಲೈಸೆನ್ಸ್ ಬೇಕು.

ಎತ್ತರ ಬರೆದಿಟ್ಟುಕೊಳ್ಳಿ

ಗಾಡಿ ಕೈಗೆ ಬಂದ ಕೂಡಲೇ ಫೋನ್ ತೆಗೆದು ಒಳಗೆ ಹೊರಗೆ ನಿಧಾನವಾಗಿ ವಿಡಿಯೊ ಮಾಡಿ. ಟೈರ್, ಚಾವಣಿಯ ಅಂಚು, ಹಿಂದಿನ ಬಂಪರ್ ಬಿಡಬೇಡಿ. ಒಲೆ, ಫ್ರಿಜ್, ಹೀಟರ್, ಪಂಪ್ ಎಲ್ಲವನ್ನೂ ಅಲ್ಲೇ ನಿಂತು ಹಚ್ಚಿಸಿ ನೋಡಿ. ಒಮ್ಮೆ ನಮಗೆ ಕೊಟ್ಟ ಗಾಡಿಯಲ್ಲಿ ಹೀಟರ್ ಕೆಲಸ ಮಾಡುತ್ತಿರಲಿಲ್ಲ. ಅದು ಗೊತ್ತಾದದ್ದು ಬೆಟ್ಟದ ಮೇಲೆ, ಹೊರಗೆ ಮಂಜು ಬೀಳುತ್ತಿದ್ದ ರಾತ್ರಿ ಹನ್ನೊಂದಕ್ಕೆ. ನಾಲ್ಕೂ ಜನ ಇದ್ದಬದ್ದ ಸ್ವೆಟರ್ ಎಲ್ಲ ಹಾಕಿಕೊಂಡು ಒಂದೇ ಮಂಚದಲ್ಲಿ ಮಲಗಿದೆವು. ತರುವಾಗಲೇ ಒಂದು ನಿಮಿಷ ಹಚ್ಚಿ ನೋಡಿದ್ದರೆ ಬೇರೆ ಗಾಡಿ ಕೇಳಬಹುದಿತ್ತು.

ಆಮೇಲೆ ಗಾಡಿಯ ಎತ್ತರವನ್ನು ಅಡಿ, ಇಂಚಿನಲ್ಲಿ ಬರೆದು ಸ್ಟೇರಿಂಗ್ ಎದುರಿಗೆ ಅಂಟಿಸಿ. ಚಾವಣಿ ಮೇಲಿನ ಎಸಿ ಸೇರಿಸಿ ಅಳತೆ ಹಿಡಿಯಬೇಕು. ಕ್ಲಾಸ್ ಸಿ 11ರಿಂದ 12 ಅಡಿ ಇರುತ್ತದೆ. ನಾರ್ತ್ ಕ್ಯಾರೊಲಿನಾದ ಡರ್ಹಮ್‌ನಲ್ಲಿ 11 ಅಡಿ 8 ಇಂಚಿನ ಒಂದು ರೈಲ್ವೆ ಸೇತುವೆ ಇತ್ತು. ಎಷ್ಟೋ ಬಾಡಿಗೆ ಟ್ರಕ್ ಮತ್ತು ಆರ್‌ವಿಗಳ ಚಾವಣಿ ಅದರ ಕೆಳಗೆ ಸುಲಿದುಹೋಗಿವೆ. 2019ರಲ್ಲಿ ಅದನ್ನು 12 ಅಡಿ 4 ಇಂಚಿಗೆ ಎತ್ತರಿಸಿದರು. ಆಮೇಲೂ ಗಾಡಿಗಳು ತಗಲುವುದು ನಿಂತಿಲ್ಲ. ಕಾರಿಗಾಗಿ ಮಾಡಿದ ಮ್ಯಾಪ್ ಆ್ಯಪ್‌ಗೆ ನಿಮ್ಮ ಎತ್ತರ ಗೊತ್ತಿಲ್ಲ. ಅದು ನೇರವಾಗಿ ಅಂಥ ಸೇತುವೆಗೇ ಕರೆದೊಯ್ಯಬಹುದು. ಎತ್ತರ, ಉದ್ದ, ತೂಕ ತುಂಬಿಸಿ ದಾರಿ ಹುಡುಕುವ ಆರ್‌ವಿ ಆ್ಯಪ್‌ಗಳಿವೆ, ಅದನ್ನೇ ಬಳಸಿ. ನ್ಯೂಯಾರ್ಕ್ ಸುತ್ತಮುತ್ತಲಿನ ಹಳೆಯ ಪಾರ್ಕ್‌ವೇಗಳಲ್ಲಿ ಸೇತುವೆಗಳು ತೀರಾ ತಗ್ಗು, ಅತ್ತ ಹೋಗಲೇಬೇಡಿ. ಗ್ಲೇಷಿಯರ್ ನ್ಯಾಷನಲ್ ಪಾರ್ಕ್‌ನ ಗೋಯಿಂಗ್ ಟು ದ ಸನ್ ರಸ್ತೆಯಲ್ಲಿ ಬೆಟ್ಟದ ಭಾಗಕ್ಕೆ 21 ಅಡಿಗಿಂತ ಉದ್ದದ, ಕನ್ನಡಿ ಸೇರಿ 8 ಅಡಿಗಿಂತ ಅಗಲದ ಗಾಡಿ ಬಿಡುವುದಿಲ್ಲ. ಮಾಮೂಲಿ ಕ್ಲಾಸ್ ಸಿ ಅಲ್ಲಿಗೇ ಹೊರಗಾಯಿತು. ಅಂಥ ಕಡೆ ಗಾಡಿಯನ್ನು ಕ್ಯಾಂಪಿನಲ್ಲಿ ಬಿಟ್ಟು ಬಸ್ಸಿನಲ್ಲಿ ಹೋಗುವ ಪ್ಲಾನ್ ಮೊದಲೇ ಇರಲಿ.

ಓಡಿಸುವುದು ಭಯಪಡುವಂಥದ್ದಲ್ಲ, ಆದರೆ ಕಾರಿನ ಅಭ್ಯಾಸ ಬಿಡಬೇಕು. ಹಿಂದಿನ ಚಕ್ರದ ಆಚೆಗೆ ಇನ್ನೂ ಹಲವು ಅಡಿ ಗಾಡಿ ಇರುತ್ತದೆ. ಸ್ಟೇರಿಂಗ್ ಬಲಕ್ಕೆ ಹೊರಳಿಸಿದರೆ ಆ ಹಿಂಬದಿ ಎಡಕ್ಕೆ ಬೀಸುತ್ತದೆ. ಪೆಟ್ರೋಲ್ ಬಂಕ್‌ನಲ್ಲಿ ಪಂಪಿನ ಪಕ್ಕ ಹಳದಿ ಕಂಬ ಇರುತ್ತದಲ್ವಾ, ಹೊಸಬರ ಗಾಡಿಗಳು ಹೆಚ್ಚಾಗಿ ತಗಲುವುದು ಅದಕ್ಕೇ. ಮುಂಭಾಗ ಕಂಬ ದಾಟಿತು ಎಂದು ತಿರುಗಿಸುತ್ತಾರೆ, ಹಿಂಭಾಗ ಹೋಗಿ ಉಜ್ಜುತ್ತದೆ. ಇಡೀ ಗಾಡಿ ಕಂಬ ದಾಟುವವರೆಗೆ ನೇರ ಹೋಗಿ, ಆಮೇಲೆ ತಿರುಗಿಸಿ. ಹೊರಡುವ ದಿನ ಖಾಲಿ ಪಾರ್ಕಿಂಗ್ ಜಾಗದಲ್ಲಿ ಅರ್ಧ ಗಂಟೆ ಇದನ್ನೇ ಅಭ್ಯಾಸ ಮಾಡಿ. ನಾನು ನೀರಿನ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಕಲಿತೆ.

ರಿವರ್ಸ್‌ಗೆ ಇನ್ನೊಬ್ಬರು ಬೇಕೇ ಬೇಕು. ಅವರು ಡ್ರೈವರ್ ಕನ್ನಡಿಯಲ್ಲಿ ಕಾಣುವಂತೆ ಎಡ ಹಿಂಭಾಗದಲ್ಲಿ ನಿಲ್ಲಲಿ. ಕನ್ನಡಿಯಲ್ಲಿ ಅವರು ಮರೆಯಾದರೆ ಬ್ರೇಕ್ ಒತ್ತಿ ನಿಲ್ಲಿಸಿ. ಕೂಗಾಟ ಬೇಡ, ಫೋನ್ ಕಾಲ್‌ನಲ್ಲಿ ಮಾತಾಡಿ. ಮೇಲಿನ ಕೊಂಬೆಯನ್ನೂ ಅವರೇ ನೋಡಬೇಕು. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿಯಬೇಡಿ, ಗೇರ್ ಇಳಿಸಿ. ಬ್ರೇಕ್ ಕಾದರೆ ಹಿಡಿಯುವುದಿಲ್ಲ.

ನೀರಿನ ಮೂರು ಟ್ಯಾಂಕ್

ಒಂದು ಒಳ್ಳೆಯ ನೀರಿನದು. ಇನ್ನೊಂದು ಗ್ರೇ ಟ್ಯಾಂಕ್, ಸಿಂಕ್ ಮತ್ತು ಸ್ನಾನದ ನೀರು ಅಲ್ಲಿಗೆ. ಮೂರನೆಯದು ಬ್ಲ್ಯಾಕ್ ಟ್ಯಾಂಕ್, ಟಾಯ್ಲೆಟ್‌ನದು.

ಕ್ಯಾಂಪ್‌ಗ್ರೌಂಡಿನಲ್ಲಿ ನಲ್ಲಿ ಇದ್ದರೆ ಪೈಪ್ ಹಾಕಿ ನೇರವಾಗಿ ಬಳಸಬಹುದು. ತೋಟದ ಹಸಿರು ಪೈಪ್ ಬೇಡ, ಕುಡಿಯುವ ನೀರಿಗೆಂದೇ ಬಿಳಿ ಅಥವಾ ನೀಲಿ ಪೈಪ್ ಸಿಗುತ್ತದೆ. ನಲ್ಲಿಗೆ ಮೊದಲು ಒತ್ತಡ ಇಳಿಸುವ ರೆಗ್ಯುಲೇಟರ್ ಹಾಕಿ, ಆಮೇಲೆ ಪೈಪ್. ಆರ್‌ವಿ ಒಳಗಿನ ಕೊಳಾಯಿಗೆ 40ರಿಂದ 50 ಪಿಎಸ್‌ಐ ಒತ್ತಡ ಸಾಕು. ಕೆಲವು ಕ್ಯಾಂಪ್‌ಗಳಲ್ಲಿ ಅದರ ದುಪ್ಪಟ್ಟು ಬಂದು ಒಳಗಿನ ಜೋಡಣೆ ಬಿಚ್ಚಿಕೊಳ್ಳುತ್ತದೆ.

ನಲ್ಲಿ ಇಲ್ಲದ ಕಡೆ ಟ್ಯಾಂಕಿನ ನೀರು, ಪಂಪ್ ಸ್ವಿಚ್ ಹಾಕಿ. ಒಂದು ಗ್ಯಾಲನ್ ನೀರು ಸುಮಾರು 8.3 ಪೌಂಡ್. ಅಂದರೆ 40 ಗ್ಯಾಲನ್ ತುಂಬಿಸಿಕೊಂಡು ಹೊರಟರೆ 330 ಪೌಂಡ್ ಜಾಸ್ತಿ ಹೊತ್ತ ಹಾಗೆ. ದಾರಿಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಕ್ಯಾಂಪಿನ ಹತ್ತಿರ ತುಂಬಿಸಿ. ಬಿಸಿನೀರಿನ ಬಾಯ್ಲರ್ ಹೆಚ್ಚಿನ ಗಾಡಿಗಳಲ್ಲಿ 6 ಗ್ಯಾಲನ್‌ನದು. ಷವರ್ ಬಿಟ್ಟುಕೊಂಡು ನಿಂತರೆ ಒಬ್ಬರಿಗೇ ಮುಗಿಯಿತು. ಅಮ್ಮ ಸುಮ್ನೆ ಒಂದು ಪುಟ್ಟ ಬಕೆಟ್ ಮತ್ತು ಚೊಂಬು ಕೇಳಿದರು. ಅರ್ಧ ಬಕೆಟ್ ಹದ ಬಿಸಿನೀರಿನಲ್ಲಿ ತಲೆಗೂ ಹಾಕಿಕೊಂಡು ಆಚೆ ಬಂದರು. ಈಗ ನಮ್ಮ ಗಾಡಿಯಲ್ಲಿ ಎಲ್ಲರಿಗೂ ಬಕೆಟ್ ಸ್ನಾನವೇ, ನಾಲ್ಕು ಜನಕ್ಕೂ ಬಿಸಿನೀರು ಸಾಲುತ್ತದೆ.

ಟಾಯ್ಲೆಟ್‌ಗೆ ನಾವು ಮಗ್ಗಿನಲ್ಲಿ ನೀರು ಬಳಸುತ್ತೇವೆ ಅಲ್ವಾ, ಅದು ಬ್ಲ್ಯಾಕ್ ಟ್ಯಾಂಕಿಗೆ ಒಳ್ಳೆಯದೇ. ಆ ಟ್ಯಾಂಕ್ ಕೆಡುವುದು ನೀರು ಕಡಿಮೆಯಾದಾಗ. ಗಟ್ಟಿ ಕೊಳೆ ತಳದಲ್ಲಿ ಒಣಗಿ ಗುಪ್ಪೆಯಾಗುತ್ತದೆ. ಆದರೆ ಟ್ಯಾಂಕ್ ಬೇಗ ತುಂಬುತ್ತದೆ ಎಂಬುದು ನೆನಪಿರಲಿ. ಪೇಪರ್ ಬಳಸುವವರು ನೀರಿನಲ್ಲಿ ಬೇಗ ಕರಗುವ ತೆಳು ಪೇಪರನ್ನೇ ಹಾಕಬೇಕು. ಒದ್ದೆ ವೈಪ್ಸ್ ಒಂದೂ ಒಳಗೆ ಹೋಗಬಾರದು. ಪ್ಯಾಕೆಟ್ ಮೇಲೆ ಫ್ಲಷ್ ಮಾಡಬಹುದು ಎಂದು ಬರೆದಿದ್ದರೂ ಬೇಡ.

ಟ್ಯಾಂಕ್ ಖಾಲಿ ಮಾಡುವುದು

ಜನ ಹೆದರುವುದು ಇದಕ್ಕೇ. ಕ್ರಮ ಗೊತ್ತಿದ್ದರೆ ಹತ್ತು ನಿಮಿಷದ ಕೆಲಸ, ಕೈ ಕೂಡ ಕೊಳೆಯಾಗುವುದಿಲ್ಲ. ಕೊಳೆ ನೀರು ಬಿಡುವ ಡಂಪ್ ಸ್ಟೇಷನ್ ಕ್ಯಾಂಪ್‌ಗ್ರೌಂಡ್‌ಗಳಲ್ಲಿ, ಕೆಲವು ಟ್ರಕ್ ಸ್ಟಾಪ್‌ಗಳಲ್ಲಿ ಇರುತ್ತದೆ. ನಿಮ್ಮ ಜಾಗದಲ್ಲೇ ಡ್ರೇನ್ ಕಿಂಡಿ ಇದ್ದರೂ ಬ್ಲ್ಯಾಕ್ ವಾಲ್ವ್ ಯಾವಾಗಲೂ ತೆರೆದಿಡಬೇಡಿ. ನೀರು ಹರಿದುಹೋಗಿ ಗಟ್ಟಿಯದು ಮಾತ್ರ ಉಳಿಯುತ್ತದೆ. ಮುಕ್ಕಾಲು ತುಂಬಲಿ, ಆಮೇಲೆ ಒಮ್ಮೆಲೇ ಬಿಡಿ.

1. ಬಿಸಾಡುವ ಕೈಗವಸು ಹಾಕಿಕೊಳ್ಳಿ. ಎರಡೂ ವಾಲ್ವ್ ಮುಚ್ಚಿವೆಯೇ ನೋಡಿ, ಆಮೇಲಷ್ಟೇ ಗಾಡಿಯ ಮುಚ್ಚಳ ತೆಗೆಯಿರಿ. ಮುಖ ಹತ್ತಿರ ಒಯ್ಯಬೇಡಿ.

2. ಪೈಪನ್ನು ಗಾಡಿಗೆ ಸಿಕ್ಕಿಸಿ ತಿರುಗಿಸಿ. ಎರಡು ಕೊಕ್ಕೆಯೂ ಕೂತಿವೆಯೇ ಎಂದು ಎಳೆದು ನೋಡಿ. ಇನ್ನೊಂದು ತುದಿಯನ್ನು ನೆಲದ ಕಿಂಡಿಯೊಳಗೆ ಇಳಿಸಿ, ಮೇಲಕ್ಕೆ ನೆಗೆಯದಂತೆ ಕಲ್ಲು ಅಥವಾ ಇಟ್ಟಿಗೆ ಇಡಿ. ಹೆಚ್ಚು ಅವಘಡ ಆಗುವುದು ಈ ತುದಿಯಿಂದಲೇ.

3. ಮೊದಲು ಬ್ಲ್ಯಾಕ್ ವಾಲ್ವ್ ಎಳೆಯಿರಿ. ಪೈಪ್ ಒಮ್ಮೆ ಉಬ್ಬಿ ಗುಳುಗುಳು ಸದ್ದು ಮಾಡುತ್ತದೆ, ನಿಧಾನಕ್ಕೆ ಸಣ್ಣಗಾಗುತ್ತದೆ. ಪೈಪಿನ ತುದಿಗೆ ಮೊಣಕೈಯಂತೆ ಬಾಗಿದ ಪಾರದರ್ಶಕ ತುಂಡು ಜೋಡಿಸಿಕೊಂಡರೆ ಒಳಗಿನ ಬಣ್ಣ ಕಾಣುತ್ತದೆ. ಸದ್ದು ನಿಂತ ಮೇಲೆ ಟಾಯ್ಲೆಟ್‌ಗೆ ಎರಡು ಬಕೆಟ್ ನೀರು ಸುರಿಸಿ ಮತ್ತೆ ಬಿಡಿ. ಮೊಣಕೈಯಲ್ಲಿ ನೀರು ತಿಳಿಯಾಗುವವರೆಗೆ.

4. ಬ್ಲ್ಯಾಕ್ ಮುಚ್ಚಿ, ಗ್ರೇ ತೆರೆಯಿರಿ. ಸೋಪಿನ ನೀರು ಹರಿದು ಪೈಪನ್ನೇ ತೊಳೆದುಬಿಡುತ್ತದೆ. ಬ್ಲ್ಯಾಕ್ ಮೊದಲು, ಗ್ರೇ ಆಮೇಲೆ ಎನ್ನುವುದು ಇದಕ್ಕೇ.

5. ಗ್ರೇ ಮುಚ್ಚಿ, ಗಾಡಿಯ ಕಡೆಯ ತುದಿ ಬಿಚ್ಚಿ, ಪೈಪ್ ಎತ್ತಿ ಹಿಡಿದು ಕಿಂಡಿಯ ಕಡೆಗೆ ನೀರು ಇಳಿಸಿ. ಅಲ್ಲಿ ಎರಡು ನಲ್ಲಿ ಇರುತ್ತವೆ. ಕುಡಿಯುವ ನೀರಲ್ಲ ಎಂದು ಬರೆದಿರುವ ನಲ್ಲಿಯಲ್ಲಿ ಮಾತ್ರ ಪೈಪ್ ತೊಳೆಯಿರಿ. ಕುಡಿಯುವ ನೀರಿನ ನಲ್ಲಿಗೆ ಈ ಪೈಪ್ ಮುಟ್ಟಿಸಿದರೆ ನಿಮ್ಮ ಹಿಂದೆ ಬರುವ ಕುಟುಂಬ ಕಾಯಿಲೆ ಬೀಳಬಹುದು.

6. ಟಾಯ್ಲೆಟ್‌ಗೆ ಒಂದೆರಡು ಗ್ಯಾಲನ್ ನೀರು ಮತ್ತು ಟ್ಯಾಂಕಿನ ಔಷಧಿ ಹಾಕಿ. ಖಾಲಿ ಟ್ಯಾಂಕ್ ಒಣಗಲು ಬಿಡಬಾರದು.

ಕರೆಂಟ್, ಗ್ಯಾಸ್

ಕ್ಯಾಂಪಿನ ಕಂಬದಲ್ಲಿ 30 ಆಂಪ್ ಮತ್ತು 50 ಆಂಪ್ ಪ್ಲಗ್ ಇರುತ್ತವೆ. 30 ಆಂಪ್‌ಗೆ ಮೂರು ಕಾಲು, 50ಕ್ಕೆ ನಾಲ್ಕು. 30 ಆಂಪ್‌ನಲ್ಲಿ 120 ವೋಲ್ಟ್ ಲೆಕ್ಕಕ್ಕೆ 3,600 ವ್ಯಾಟ್ ಸಿಗುತ್ತದೆ, ಅಷ್ಟೇ. ಚಾವಣಿಯ ಎಸಿ ಸುಮಾರು 1,500, ನೀರು ಕಾಯಿಸುವ ಕೆಟಲ್ 1,500, ಇನ್‌ಸ್ಟಂಟ್ ಪಾಟ್ 1,000. ಮೂರೂ ಒಟ್ಟಿಗೆ ಹಾಕಿದರೆ ಟ್ರಿಪ್ ಆಗುತ್ತದೆ. ಊರಲ್ಲಿ ಗೀಸರ್ ಹಾಕಿದಾಗ ಇಸ್ತ್ರಿ ಹಾಕಬೇಡ ಎನ್ನುತ್ತಿದ್ದರಲ್ಲ, ಅದೇ ಶಿಸ್ತು ಇಲ್ಲೂ. 50 ಆಂಪ್ ಪ್ಲಗ್‌ನಲ್ಲಿ ಎರಡು ಲೈನ್ ಬರುವುದರಿಂದ ಒಟ್ಟು 12,000 ವ್ಯಾಟ್ ಸಿಗುತ್ತದೆ. ಹಳೆಯ ಕ್ಯಾಂಪ್‌ಗಳ ಕಂಬದಲ್ಲಿ ವೈರಿಂಗ್ ತಪ್ಪಿರುವುದುಂಟು. ವೋಲ್ಟೇಜ್ ತೋರಿಸಿ, ಹೆಚ್ಚುಕಮ್ಮಿಯಾದರೆ ತಾನೇ ಕತ್ತರಿಸುವ ಸರ್ಜ್ ಪ್ರೊಟೆಕ್ಟರ್ ಕೊಳ್ಳಿ. ಕಂಬದ ಬ್ರೇಕರ್ ಆಫ್ ಮಾಡಿ, ಪ್ಲಗ್ ಹಾಕಿ, ಆಮೇಲೆ ಆನ್ ಮಾಡಿ.

ಕಂಬ ಇಲ್ಲದ ಕಡೆ ಬ್ಯಾಟರಿ. ಅದರಿಂದ ದೀಪ, ಪಂಪ್, ಹೀಟರ್ ಫ್ಯಾನ್ ನಡೆಯುತ್ತವೆ. ಎಸಿ, ಮೈಕ್ರೋವೇವ್‌ಗೆ ಜನರೇಟರ್ ಬೇಕು. ಮಾಮೂಲಿ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ.

ಒಲೆ, ಬಿಸಿನೀರು, ಹೀಟರ್‌ಗೆ ಪ್ರೊಪೇನ್ ಗ್ಯಾಸ್. ಇದು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ನಿಲ್ಲುತ್ತದೆ. ಅದರ ಅಲಾರಂ ಕೆಳಗೆ, ಕಾಲಿನ ಹತ್ತಿರ ಇರುವುದು ಅದಕ್ಕೇ. ಅಲಾರಂ ಹಿಂಬದಿಯಲ್ಲಿ ಅವಧಿ ಮುಗಿಯುವ ದಿನಾಂಕ ಬರೆದಿರುತ್ತದೆ, ಓದಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಡ ಒತ್ತಿ ಪರೀಕ್ಷಿಸಿ. ಮನೆ ಬೆಚ್ಚಗಾಗಲಿ ಎಂದು ಅಡುಗೆ ಒಲೆ ಹಚ್ಚಿಟ್ಟು ಯಾವತ್ತೂ ಮಲಗಬೇಡಿ. ಇದರಲ್ಲಿ ಜೀವ ಹೋಗುತ್ತದೆ. ಪೆಟ್ರೋಲ್ ಹಾಕಿಸುವ ಮುಂಚೆ ಗ್ಯಾಸ್ ಉಪಕರಣಗಳೆಲ್ಲ ಆರಿಸಿ, ಸಿಲಿಂಡರ್ ವಾಲ್ವ್ ಮುಚ್ಚಿ.

ಅಡುಗೆ

ಮನೆಯಿಂದ ಒಗ್ಗರಣೆ ಹಾಕಿದ ಗೊಜ್ಜು, ಪುಳಿಯೋಗರೆ ಪುಡಿ, ಚಟ್ನಿಪುಡಿ, ಹುರಿದ ರವೆ ಒಯ್ದರೆ ಅರ್ಧ ಕೆಲಸ ಕಮ್ಮಿ. ಗಾಡಿಯೊಳಗೆ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಹೊಗೆ ಅಲಾರಂ ಕೂಗುವುದು ಖಂಡಿತ, ಎಲ್ಲರಿಗೂ ಕೆಮ್ಮು ಬೇರೆ. ಸಣ್ಣ ಪೋರ್ಟಬಲ್ ಒಲೆಯಲ್ಲಿ ಹೊರಗೆ ಮೇಜಿನ ಮೇಲೆ ಹಾಕಿ. ಕುಕ್ಕರ್ ಮರೆಯಬೇಡಿ. ಯೆಲ್ಲೋಸ್ಟೋನ್ ಕೆರೆಯ ಹತ್ತಿರ ಎತ್ತರ ಸುಮಾರು 7,700 ಅಡಿ. ಅಲ್ಲಿ ನೀರು 92 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಲು ಬಹಳ ಹೊತ್ತು ಹಿಡಿಯುತ್ತದೆ.

ಸಾರಿನ ಚರಟ, ಎಣ್ಣೆ, ಸಾಸಿವೆ ಸಿಂಕಿಗೆ ಇಳಿಸಬೇಡಿ. ಗ್ರೇ ಟ್ಯಾಂಕ್ ಕೊಳೆತ ವಾಸನೆ ಬರುವುದು ಇದರಿಂದಲೇ. ತಟ್ಟೆಯನ್ನು ಮೊದಲು ಪೇಪರಿನಲ್ಲಿ ಒರೆಸಿ ಕಸಕ್ಕೆ ಹಾಕಿ, ಆಮೇಲೆ ತೊಳೆಯಿರಿ. ಕರಡಿ ಇರುವ ಕಡೆ ತಟ್ಟೆ, ಲೋಟ, ಎಣ್ಣೆ ಬಾಟಲಿ ಯಾವುದೂ ರಾತ್ರಿ ಹೊರಗೆ ಉಳಿಯಬಾರದು.

ಜಾಗ ಹಿಡಿಯುವುದು

ನ್ಯಾಷನಲ್ ಪಾರ್ಕ್‌ಗಳ ಬುಕಿಂಗ್ ಹೆಚ್ಚಿನದು ರಿಕ್ರಿಯೇಷನ್ ಡಾಟ್ ಗವ್ (recreation.gov) ವೆಬ್‌ಸೈಟ್‌ನಲ್ಲಿ. ಬೇಸಿಗೆಗೆ ಚಳಿಗಾಲದಲ್ಲೇ ಕೂರಬೇಕು. ಯೋಸೆಮಿಟಿಯ ಅಪ್ಪರ್ ಪೈನ್ಸ್‌ಗೆ ಐದು ತಿಂಗಳು ಮುಂಚೆ, ತಿಂಗಳ 15ರಂದು ಬೆಳಿಗ್ಗೆ 7ಕ್ಕೆ ಪೆಸಿಫಿಕ್ ಸಮಯದಲ್ಲಿ ತೆರೆಯುತ್ತದೆ, ನಿಮಿಷಗಳಲ್ಲಿ ಮುಗಿಯುತ್ತದೆ. ಮೊದಲೇ ಲಾಗಿನ್ ಆಗಿ ಜಾಗದ ನಂಬರ್ ಆರಿಸಿಟ್ಟುಕೊಂಡು ಗಂಡ ಒಂದು ಕಂಪ್ಯೂಟರ್, ಹೆಂಡತಿ ಇನ್ನೊಂದು ಹಿಡಿದು ಕೂತರೆ ಸಿಗುವ ಸಾಧ್ಯತೆ ಇದೆ. ಬುಕ್ ಮಾಡುವಾಗ ಆ ಜಾಗಕ್ಕೆ ಎಷ್ಟು ಉದ್ದದ ಗಾಡಿ ಬಿಡುತ್ತಾರೆ ಎಂದು ನೋಡಿ. ಯೋಸೆಮಿಟಿಯ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ನೀರು, ಕರೆಂಟ್ ಜೋಡಣೆ ಇಲ್ಲ. ಯೆಲ್ಲೋಸ್ಟೋನ್‌ನಲ್ಲಿ ಅದು ಇರುವುದು ಫಿಶಿಂಗ್ ಬ್ರಿಜ್ ಆರ್‌ವಿ ಪಾರ್ಕ್‌ನಲ್ಲಿ ಮಾತ್ರ. ಕರಡಿಗಳ ಕಾರಣಕ್ಕೆ ಅಲ್ಲಿ ಗಟ್ಟಿ ಗೋಡೆಯ ಗಾಡಿಗೆ ಮಾತ್ರ ಜಾಗ, ಬಟ್ಟೆಯ ಡೇರೆಗಿಲ್ಲ.

ಹೊಸಬರಿಗೆ ಖಾಸಗಿ ಕ್ಯಾಂಪ್‌ಗಳು ಸುಲಭ. ಕೆಒಎ ಕ್ಯಾಂಪ್‌ಗಳು 1962ರಲ್ಲಿ ಮೊಂಟಾನಾದಲ್ಲಿ ಶುರುವಾಗಿ ಈಗ ಎಲ್ಲ ಕಡೆ ಇವೆ. ಗಾಡಿ ನೇರ ಒಳಗೆ ಹೋಗಿ ನೇರ ಆಚೆ ಬರುವ ಪುಲ್ ಥ್ರೂ ಜಾಗ ಕೇಳಿ, ರಿವರ್ಸ್ ಗೋಜೇ ಇಲ್ಲ. ಸರ್ಕಾರದ ಬಿಎಲ್‌ಎಂ (ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್) ಬಯಲು ಜಾಗಗಳಲ್ಲಿ ಸಾಮಾನ್ಯವಾಗಿ 14 ದಿನದವರೆಗೆ ಬಿಟ್ಟಿ ಇರಬಹುದು. ಅಲ್ಲಿ ನಲ್ಲಿಯೂ ಇಲ್ಲ, ಕಂಬವೂ ಇಲ್ಲ. ನಾಲ್ಕೈದು ಟ್ರಿಪ್ ಆದ ಮೇಲೆ ಹೋಗಿ. ಕತ್ತಲಾದ ಮೇಲೆ ಕ್ಯಾಂಪ್ ಸೇರುವ ಪ್ಲಾನ್ ಎಂದೂ ಮಾಡಬೇಡಿ. ಸಂಜೆ ನಾಲ್ಕಕ್ಕೆ ಅಲ್ಲಿರಬೇಕು ಎಂದು ಲೆಕ್ಕ ಹಾಕಿ, ಮ್ಯಾಪ್ ತೋರಿಸುವ ಸಮಯಕ್ಕೆ ಕಾಲು ಭಾಗ ಸೇರಿಸಿ.

ಪಾರ್ಕ್‌ಗಳ ವಾರ್ಷಿಕ ಪಾಸ್ ಇಲ್ಲಿನ ನಿವಾಸಿಗಳಿಗೆ 80 ಡಾಲರ್. 2026ರಿಂದ ಹೊರದೇಶದವರಿಗೆ 250 ಡಾಲರ್ ಮಾಡಿದ್ದಾರೆ. ಊರಿನಿಂದ ಬಂದವರು ಜೊತೆಗಿದ್ದರೆ ಆ ಪಾರ್ಕ್‌ನ ವೆಬ್‌ಸೈಟ್‌ನಲ್ಲಿ ನಿಯಮ ಓದಿಕೊಂಡೇ ಹೊರಡಿ.

ಕೊಳ್ಳುವುದಾದರೆ

ಎರಡು ಮೂರು ಬಾಡಿಗೆ ಟ್ರಿಪ್ ಆಗಿ, ವರ್ಷಕ್ಕೆ ನಿಜವಾಗಿ ಎಷ್ಟು ರಾತ್ರಿ ಹೋಗುತ್ತೀರಿ ಎಂದು ಲೆಕ್ಕ ಸಿಕ್ಕ ಮೇಲೆ ಕೊಳ್ಳುವ ಮಾತು. ವರ್ಷಕ್ಕೆ ಒಂದು ವಾರವಾದರೆ ಬಾಡಿಗೆಯೇ ಲಾಭ. ಮೊದಲು ನಿಮ್ಮ ಬಡಾವಣೆಯ ಎಚ್‌ಒಎ, ಅಂದರೆ ಮನೆ ಮಾಲೀಕರ ಸಂಘದ, ನಿಯಮ ಓದಿ. ಮನೆ ಮುಂದೆ ಆರ್‌ವಿ ನಿಲ್ಲಿಸಲು ಬಹಳ ಕಡೆ ಬಿಡುವುದಿಲ್ಲ. ಹೊರಗೆ ನಿಲ್ಲಿಸುವ ಜಾಗದ ಬಾಡಿಗೆ, ಇನ್ಶೂರೆನ್ಸ್, ರಿಜಿಸ್ಟ್ರೇಷನ್, ಟೈರ್, ಚಾವಣಿ ಕೆಲಸ ಎಲ್ಲ ಸೇರಿಸಿ ಲೆಕ್ಕ ಹಾಕಿ.

ಮೊದಲ ಗಾಡಿ ಹಳೆಯದೇ ಇರಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೊಸ ಗಾಡಿಯ ಬೆಲೆ ಮೊದಲ ಒಂದೆರಡು ವರ್ಷದಲ್ಲೇ ಜೋರಾಗಿ ಇಳಿಯುತ್ತದೆ. ಜೊತೆಗೆ ಹೊಸ ಗಾಡಿಯಲ್ಲೂ ಶುರುವಿನ ತೊಂದರೆಗಳು ಸಾಕಷ್ಟು. ಹಳೆಯದಾದರೆ ಅವನ್ನೆಲ್ಲ ಮೊದಲ ಮಾಲೀಕರು ಸರಿಮಾಡಿಸಿರುತ್ತಾರೆ.

ಹಳೆಯ ಗಾಡಿ ನೋಡಲು ಹೋದಾಗ ಎಂಜಿನ್‌ಗಿಂತ ಮೊದಲು ಚಾವಣಿ ನೋಡಿ. ಆರ್‌ವಿಯನ್ನು ಕೊಲ್ಲುವುದು ಮಳೆ ನೀರು. ನಮ್ಮ ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ, ಹಂಚಿನ ಮನೆಯಲ್ಲಿ ಒಂದು ಹಂಚು ಸರಿದರೆ ಏನಾಗುತ್ತದೆ ಎಂದು ಗೊತ್ತು. ಇಲ್ಲಿ ಹಂಚಿನ ಬದಲು ಅಂಚುಗಳಿಗೆ, ಎಸಿ ಸುತ್ತ, ಕಿಂಡಿಗಳ ಸುತ್ತ ಮೆತ್ತಿದ ಅಂಟು. ಅದು ಬಿಸಿಲಿಗೆ ಬಿರುಕು ಬಿಟ್ಟು ನೀರು ಇಳಿದರೆ ಒಳಗಿನ ಪ್ಲೈವುಡ್ ಕೊಳೆಯುತ್ತದೆ. ಏಣಿ ಹತ್ತಿ ಅಂಟಿನ ಮೇಲೆ ಬೆರಳಾಡಿಸಿ. ಒಳಗೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಡೆಯಿರಿ. ಷವರ್ ಪಕ್ಕ, ಬಾಗಿಲ ಹತ್ತಿರ, ಮಂಚದ ಮೂಲೆಗಳಲ್ಲಿ ನೆಲ ಮೆತ್ತಗೆ ಕುಸಿದರೆ ಅಲ್ಲಿಂದ ಹೊರಟುಬಿಡಿ. ಕಪಾಟಿನ ಬಾಗಿಲು ತೆಗೆದು ಮೂಲೆಗೆ ಮೂಗಿಟ್ಟು ಮುಗ್ಗಲು ವಾಸನೆ ಇದೆಯೇ ನೋಡಿ. ಹೊರಗೋಡೆಯನ್ನು ಪಕ್ಕದಿಂದ, ಬಿಸಿಲು ಓರೆಯಾಗಿ ಬೀಳುವಾಗ ನೋಡಿದರೆ ಗುಳ್ಳೆ ಎದ್ದಿರುವುದು ಕಾಣುತ್ತದೆ. ನಾವು ನೋಡಿದ ಮೊದಲ ಗಾಡಿ ಫೋಟೊದಲ್ಲಿ ಹೊಳೆಯುತ್ತಿತ್ತು. ಮಂಚದ ಕೆಳಗಿನ ಹಲಗೆಗೆ ಹೆಬ್ಬೆರಳು ಒತ್ತಿದೆ, ಒದ್ದೆ ಬ್ರೆಡ್ಡಿನ ಹಾಗೆ ಒಳಗೆ ಹೋಯಿತು.

ಟೈರ್‌ನ ಗೀರುಗಳು ಆಳವಾಗಿವೆ ಎಂದು ಸಮಾಧಾನ ಪಡಬೇಡಿ. ಆರ್‌ವಿ ಟೈರ್ ಸವೆಯುವ ಮುಂಚೆಯೇ ಮುಪ್ಪಾಗುತ್ತದೆ. ಪಕ್ಕದಲ್ಲಿ ಡಾಟ್ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಆರೇಳು ವರ್ಷ ದಾಟಿದ್ದರೆ ಹೊಸ ಟೈರ್ ದುಡ್ಡನ್ನು ಬೆಲೆಯಲ್ಲಿ ಇಳಿಸಲು ಕೇಳಿ.

ಇನ್ನು ತೂಕ. ಬಾಗಿಲ ಒಳಬದಿಯ ಹಳದಿ ಚೀಟಿಯಲ್ಲಿ ಎಷ್ಟು ಪೌಂಡ್ ಹೊರಬಹುದು ಎಂದು ಇರುತ್ತದೆ. ಮೋಟಾರ್‌ಹೋಮ್ ಆದರೆ ಅದರಲ್ಲಿ ಜನರ ತೂಕವೂ ಸೇರಿದೆ. ಎಲ್ಲ ತುಂಬಿಸಿ ಒಮ್ಮೆ ಟ್ರಕ್ ಸ್ಟಾಪ್‌ನ ಕ್ಯಾಟ್ ತಕ್ಕಡಿಗೆ ಹತ್ತಿಸಿ ನೋಡಿ, ಕೆಲವೇ ಡಾಲರ್ ಖರ್ಚು. ಟ್ರೇಲರ್ ಕೊಳ್ಳುವವರು ನಿಮ್ಮ ಗಾಡಿ ಎಷ್ಟು ಎಳೆಯಬಲ್ಲದು ಎಂಬುದನ್ನು ಮಾರುವವರ ಬಾಯಿಂದ ಕೇಳಬೇಡಿ, ನಿಮ್ಮ ಗಾಡಿಯ ಪುಸ್ತಕದಲ್ಲೇ ಓದಿ. ಎಲ್ಲ ಸರಿ ಕಂಡರೂ ದುಡ್ಡು ಕೊಡುವ ಮುಂಚೆ ಸ್ವತಂತ್ರ ಆರ್‌ವಿ ಇನ್‌ಸ್ಪೆಕ್ಟರ್ ಕರೆಸಿ. ಮನೆ ಕೊಳ್ಳುವಾಗ ಮಾಡುತ್ತೀರಿ ಅಲ್ವಾ, ಹಾಗೆಯೇ.

ಚಳಿಗಾಲಕ್ಕೆ ಮುಂಚೆ

ನೀರು ಹೆಪ್ಪುಗಟ್ಟುವ ಊರಿನಲ್ಲಿದ್ದರೆ ಈ ಕೆಲಸ ತಪ್ಪಿಸುವಂತಿಲ್ಲ. ಒಂದು ರಾತ್ರಿಯ ಹಿಮಕ್ಕೆ ಪೈಪ್, ಪಂಪ್, ಬಾಯ್ಲರ್ ಎಲ್ಲ ಸೀಳಬಹುದು. ಮೂರೂ ಟ್ಯಾಂಕ್ ಖಾಲಿ ಮಾಡಿ. ಬಾಯ್ಲರ್ ಪೂರ್ತಿ ತಣ್ಣಗಾದ ಮೇಲೆ ಅದರ ಬಿರಡೆ ಬಿಚ್ಚಿ ನೀರು ಬಿಡಿ, ಬಾಯ್ಲರ್‌ಗೆ ಏನೂ ಹೋಗದಂತೆ ಬೈಪಾಸ್ ವಾಲ್ವ್ ತಿರುಗಿಸಿ. ಗುಲಾಬಿ ಬಣ್ಣದ ಆರ್‌ವಿ ಆ್ಯಂಟಿಫ್ರೀಜ್ (ಪೈಪಿನಲ್ಲಿ ಹೆಪ್ಪುಗಟ್ಟದಂತೆ ತಡೆಯುವ ದ್ರವ) ಕ್ಯಾನ್ ತನ್ನಿ. ಕಾರಿಗೆ ಹಾಕುವ ಆ್ಯಂಟಿಫ್ರೀಜ್ ವಿಷ, ಅದು ಖಂಡಿತ ಬೇಡ. ಪಂಪಿನ ಕೊಳವೆಯನ್ನು ಕ್ಯಾನಿನೊಳಗೆ ಇಳಿಸಿ ಪಂಪ್ ಹಾಕಿ. ಹತ್ತಿರದ ನಲ್ಲಿಯಿಂದ ಶುರುಮಾಡಿ ಒಂದೊಂದಾಗಿ ತಣ್ಣೀರು, ಬಿಸಿನೀರು ಎರಡೂ ತೆರೆಯಿರಿ. ಷವರ್, ಟಾಯ್ಲೆಟ್, ಹೊರಗಿನ ಷವರ್ ಇದ್ದರೆ ಅದೂ. ಪ್ರತಿಯೊಂದರಲ್ಲೂ ಗುಲಾಬಿ ಬಣ್ಣ ಬಂದ ಕೂಡಲೇ ಮುಚ್ಚಿ. ಸಿಂಕ್ ಮತ್ತು ಷವರ್ ಕಿಂಡಿಗೆ ಒಂದೊಂದು ಲೋಟ ಸುರಿಯಿರಿ. ಬ್ಯಾಟರಿ ಬಿಚ್ಚಿ ಒಳಗೆ ಇಡಿ, ಫ್ರಿಜ್ ಬಾಗಿಲಿಗೆ ಬಟ್ಟೆ ಸಿಕ್ಕಿಸಿ ಸ್ವಲ್ಪ ತೆರೆದಿಡಿ, ಒಂದು ಅಕ್ಕಿ ಕಾಳೂ ಬಿಡದೆ ಕಪಾಟು ಗುಡಿಸಿ. ಇಲಿ ಬರಲು ಒಂದು ಕಾಳು ಸಾಕು. ಮಾರ್ಚ್ ಏಪ್ರಿಲ್‌ನಲ್ಲಿ ಮತ್ತೆ ಹೊರಡುವಾಗ ಒಳ್ಳೆಯ ನೀರು ತುಂಬಿಸಿ, ಎಲ್ಲ ನಲ್ಲಿಗಳಲ್ಲೂ ಆ ಬಣ್ಣ ಪೂರ್ತಿ ಹೋಗುವವರೆಗೆ ಬಿಡಿ.